ಹಾಲುಕ್ಕಿದ ಮನೆ

“ಈ ಮನೇಲಿ ಹಾಲು ಮಾತ್ರ ಉಕ್ಕಿಸಬೇಡಮ್ಮ. ಅಡುಗೆ ಮಾಡು, ಉಣ್ಣು, ಮಲಗು, ಪೂಜೆ ಪುನಸ್ಕಾರ ಏನು ಬೇಕಾದ್ರೂ ಮಾಡ್ಕೋ. ಗೃಹಪ್ರವೇಶ ಅಂತ ಹಾಲು ಮಾತ್ರ ಇಡಬೇಡ.”

ಬೇಲಿಯಾಚೆ ನಿಂತಿದ್ದ ಅಖ್ತರಿ ಆಂಟಿ ಇಷ್ಟು ಹೇಳಿ ಸೆರಗನ್ನು ಬಾಯಿಗೆ ಒತ್ತಿಕೊಂಡರು. ಮೈಸೂರಿನ ಮಂಡಿ ಮೊಹಲ್ಲಾದಿಂದ ಬಂದು ಅಮೆರಿಕದ ಮಾನ್ಮತ್ ಜಂಕ್ಷನ್ ಎಂಬ ಊರಿನ ಈ ಬೀದಿಯಲ್ಲೇ ತಲೆ ನೆರೆಸಿಕೊಂಡ ಹೆಂಗಸು. ಹಂಸಿನಿ ಕೈಯಲ್ಲಿದ್ದ ರಟ್ಟಿನ ಡಬ್ಬವನ್ನು ಕೆಳಗಿಟ್ಟು ನಕ್ಕುಬಿಟ್ಟಳು.

“ಆಂಟಿ, ನಾನು ಐಸಿಯು ನರ್ಸ್. ದಿನಾ ಸಾವು ನೋಡ್ತೀನಿ. ಒಂದು ಪಾತ್ರೆ ಹಾಲಿಗೆ ಹೆದರಲಾ?”

“ಮುಂಚೆ ಇಲ್ಲಿದ್ದ ತ್ರಿಪುರಸುಂದರಿನೂ ಹೀಗೇ ನಗ್ತಿದ್ಳು,” ಎಂದು ಆಂಟಿ ಒಳಗೆ ಹೋಗಿ ಬಾಗಿಲು ಹಾಕಿಕೊಂಡರು.

ಆ ಹಾಲಿಗಾಗಿ ಹಂಸಿನಿ ಆರು ವರ್ಷ ಕಾದಿದ್ದಳು. ಕೆಲವು ತಿಂಗಳಿಗೊಂದು ಆಸ್ಪತ್ರೆ, ಆಸ್ಪತ್ರೆಗೊಂದು ಊರು. ಗಂಡ ಸುಮೀತ್, ಮಗಳು ಸಾನ್ವಿ, ಒಂದು ಆರ್‌ವಿ. ಗಾಲಿಯ ಮೇಲಿನ ಆ ಮನೆಯಲ್ಲಿ ಒಲೆಯ ಮೇಲಿಟ್ಟ ಪಾತ್ರೆ ಜಾರುತ್ತಿತ್ತು, ಚಳಿಗಾಲದಲ್ಲಿ ನಲ್ಲಿಯ ನೀರು ಕಲ್ಲಾಗುತ್ತಿತ್ತು, ಹಾಸಿಗೆ ಮಡಚಿದರೆ ಮಾತ್ರ ಊಟದ ಮೇಜು. ಸುಮೀತನಿಗೆ ಅದೇ ಸ್ವರ್ಗ. ಒಂದೇ ಕಿಟಕಿಯಲ್ಲಿ ಒಂದೇ ಮರವನ್ನು ವಾರಗಟ್ಟಲೆ ನೋಡಿದರೆ ಉಸಿರು ಕಟ್ಟುತ್ತೆ ಎನ್ನುವ ಮನುಷ್ಯ. ಹೆಂಡತಿಯ ಹಟಕ್ಕೆ, ಮಗಳ ಸ್ಕೂಲಿನ ನೆಪಕ್ಕೆ ಈ ಮನೆ ಕೊಳ್ಳಲು ಒಪ್ಪಿದ್ದ. ಸ್ವಂತ ಮನೆಯಲ್ಲಿ ಅಲುಗಾಡದ ಒಲೆಯ ಮೇಲೆ ಹಾಲು ಉಕ್ಕಬೇಕು ಎಂಬುದು ಹಂಸಿನಿಯ ಕನಸು. ಅದನ್ನು ಯಾರದೋ ಗೊಣಗಾಟಕ್ಕೆ ಬಿಡುವವಳಲ್ಲ ಅವಳು.

ಭಾನುವಾರ ಬೆಳಿಗ್ಗೆ ಒಲೆಗೆ ಅರಿಶಿನ ಕುಂಕುಮವಿಟ್ಟು ಹಾಲಿಟ್ಟಳು. ಹಾಲು ಏರಿತು. ಉಕ್ಕಿತು. ಸಾನ್ವಿ ಚಪ್ಪಾಳೆ ತಟ್ಟಿದಳು. ಹಂಸಿನಿ ಒಲೆ ಆರಿಸಿದಳು.

ಹಾಲು ಉಕ್ಕುತ್ತಲೇ ಇತ್ತು.

ಉರಿಯಿಲ್ಲದ ಒಲೆಯ ಮೇಲೆ ಬಿಳಿ ನೊರೆ ಬುಸುಗುಡುತ್ತ ಎದ್ದು, ಒಲೆಯ ಹಿಂದಿನ ಸಂದಿಗೆ ಇಳಿಯಿತು. ಚೆಲ್ಲಿದ ಹಾಲು ನೆಲದ ಮೇಲೆಲ್ಲೂ ಕಾಣಲಿಲ್ಲ. ಕೆಳಗಿನಿಂದ ಸದ್ದು ಮಾತ್ರ ಕೇಳಿತು. ಗುಟುಕ್. ಗುಟುಕ್. ಬಹಳ ದಿನದಿಂದ ಬಾಯಾರಿದವರು ಕುಡಿಯುವ ಸದ್ದು.

“ಪೈಪಿನ ಸದ್ದಿರಬೇಕು,” ಎಂದಳು. ಯಾರೂ ಅವಳನ್ನು ಏನೂ ಕೇಳಿರಲಿಲ್ಲ.

ಅಂದಿನಿಂದ ಮನೆಯಲ್ಲಿ ಸೀದ ಹಾಲಿನ ವಾಸನೆ ನಿಂತಿತು. ಕಿಟಕಿ ತೆರೆದರೂ ಹೋಗಲಿಲ್ಲ. ದಿಂಬಿನಲ್ಲಿ, ಟವೆಲಿನಲ್ಲಿ, ಮಗುವಿನ ಕೂದಲಲ್ಲಿ ಅದೇ ವಾಸನೆ. ಮರುದಿನ ಸುಮೀತ್ ಆಫೀಸಿಗೆಂದು ಲ್ಯಾಪ್‌ಟಾಪ್ ಚೀಲ ಹೆಗಲಿಗೇರಿಸಿ ಬಾಗಿಲವರೆಗೆ ಹೋದವನು ತಿರುಗಿ ಬಂದ. “ಇವತ್ತು ವರ್ಕ್ ಫ್ರಮ್ ಹೋಮ್ ಮಾಡ್ತೀನಿ.” ಅದರ ಮರುದಿನವೂ ಹಾಗೇ. ವಾರ ಕಳೆಯುವಷ್ಟರಲ್ಲಿ ಕಸದ ಡಬ್ಬ ಹೊರಗಿಡಲೂ ಅವನು ಹೊಸಿಲು ದಾಟಲಿಲ್ಲ. ಡ್ರೈವ್‌ವೇಯಲ್ಲಿ ನಿಂತ ಆರ್‌ವಿಯನ್ನು ಕಿಟಕಿಯಿಂದ ನೋಡುತ್ತ ನಿಂತಿರುತ್ತಿದ್ದ. ಹಂಸಿನಿ ಬಗ್ಗಿ ಮುಟ್ಟಿದರೆ ಕಾಲುಗಳು ಮಂಜುಗಡ್ಡೆ.

“ಡಿಪ್ರೆಶನ್ ಇರಬೇಕು. ಡಾಕ್ಟರ ಹತ್ರ ಹೋಗೋಣ.”

“ಹೋಗಬೇಕು ಅಂತ ನನಗೂ ಅನ್ನಿಸುತ್ತೆ ಹಂಸಿ. ಕಾಲು ಕೇಳಲ್ಲ.”

ಮುಂದಿನ ಸರದಿ ಸಾನ್ವಿಯದು. ಹಿಮ ಬೀಳುತ್ತಿದ್ದ ದಿನ, ತಿರುವಿನಲ್ಲಿ ಸ್ಕೂಲ್ ಬಸ್ಸು ಹಾರ್ನ್ ಮಾಡುತ್ತಿತ್ತು. ಮಗಳು ಹೊಸಿಲ ಬಳಿ ನೆಟ್ಟ ಗೂಟದಂತೆ ನಿಂತಳು.

“ಮಾಮ್, ಮೈ ಫೀಟ್ ವೋಂಟ್ ಗೋ.”

ಹಂಸಿನಿ ಎತ್ತಿಕೊಂಡಳು. ಮಗು ಬಂಡೆಯಷ್ಟು ಭಾರ. ಹಲ್ಲು ಕಚ್ಚಿ ಹೊಸಿಲಾಚೆ ಹೆಜ್ಜೆಯಿಟ್ಟಾಗ ಸಾನ್ವಿಯ ಕುತ್ತಿಗೆ ಹಿಂದಕ್ಕೆ ವಾಲಿತು. ತುಟಿ ನೀಲಿಯಾಯಿತು. ಬೆರಳ ಕೆಳಗೆ ನಾಡಿ ಇಲ್ಲ. ಇಲ್ಲವೇ ಇಲ್ಲ! ಚೀರುತ್ತ ಒಳಗೆ ಬಿದ್ದಳು. ನಾಡಿ ಮತ್ತೆ ಹೊಡೆದುಕೊಂಡಿತು. ಕಾಲುಚೀಲ ಜಾರಿಸಿ ನೋಡಿದರೆ ಎರಡೂ ಹರಡುಗಳ ಸುತ್ತ ದಾರ ಬಿಗಿದಂತೆ ಕಪ್ಪು ಗೆರೆ. ಸುಮೀತನ ಕಾಲಲ್ಲೂ ಅದೇ ಗೆರೆ.

ಆಂಬುಲೆನ್ಸ್ ಕರೆದು ಏನಾಗಬೇಕು? ಯಾರು ಎತ್ತಿ ಹೊರಗೆ ಒಯ್ದರೂ ಆ ನಾಡಿ ನಿಲ್ಲುತ್ತದೆ. ಹಂಸಿನಿಗೆ ಮಾತ್ರ ಬಾಗಿಲು ಏನೂ ಮಾಡಲಿಲ್ಲ. ಅವಳು ಎಷ್ಟು ಸಲ ಬೇಕಾದರೂ ಹೋಗಬಹುದು, ಬರಬಹುದು. ಬರಿಗಾಲಲ್ಲಿ ಹಿಮ ತುಳಿದು ಓಡಿ ಅಖ್ತರಿ ಆಂಟಿಯ ಬಾಗಿಲು ಬಡಿದಳು.

“ಹಾಲಿಟ್ಟೆಯಾ?” ಎಂದರು ಆಂಟಿ. ಹಂಸಿನಿ ತಲೆ ತಗ್ಗಿಸಿದಳು.

“ಯಾ ಅಲ್ಲಾಹ್!” ಆಂಟಿ ಗೋಡೆಗೊರಗಿದರು. “ತ್ರಿಪುರಸುಂದರಿ ಗಂಡ ಶಂಕರನಾರಾಯಣ ಮನೇಲಿ ನಿಲ್ತಿರಲಿಲ್ಲ. ಅವನಿಗೆ ಬೇರೆ ಒಬ್ಬಳಿದ್ಳು. ಇವಳು ಊರಿಂದ ಮಂತ್ರವಾದಿನ ಕರೆಸಿ ಒಲೆ ಕೆಳಗೆ ಸ್ತಂಭನ ಹೂಳಿಸಿದ್ಳು, ಕಾಲು ಕಟ್ಟೋ ಮಾಟ. ಹಾಲಿಟ್ಟ ಹೆಂಗಸಿನ ಮನೆಯವರು ಮನೆ ಬಿಟ್ಟು ಕದಲಬಾರದು ಅಂತ. ಆಮೇಲೆ ಬಂದವರು ಬಿಳಿಯರು, ಅವರು ಯಾಕೆ ಹಾಲುಕ್ಕಿಸ್ತಾರೆ? ನೆಮ್ಮದಿಯಾಗಿದ್ದು ಹೋದ್ರು.”

ಪೂರ್ತಿ ಕೇಳುವ ತಾಳ್ಮೆ ಹಂಸಿನಿಗಿರಲಿಲ್ಲ. ಆರ್‌ವಿಯೊಳಗಿಂದ ಹಾರೆಗೋಲು ಎಳೆದುಕೊಂಡು ಅಡುಗೆಮನೆಗೆ ನುಗ್ಗಿದಳು. ಅಷ್ಟರಲ್ಲಿ ಹಿಮಗಾಳಿಗೆ ಕರೆಂಟು ಹೋಗಿತ್ತು. ಹಗಲೇ ಕಿಟಕಿಗಳು ಬೂದಿ ಬಣ್ಣಕ್ಕೆ ತಿರುಗಿ ಮನೆಯೊಳಗೆ ಮಬ್ಬು ಕವಿದಿತ್ತು. ಒಲೆಯನ್ನು ಎಳೆದಳು. ನೆಲದ ಹಾಸನ್ನು ಮೀಟಿದಳು. ಕೆಳಗಿನ ಹಲಗೆ ಸೀಳಿದಾಗ ಬಿಸಿ ಆವಿ ಮುಖಕ್ಕೆ ರಾಚಿತು. ಸೀದ ಹಾಲು, ಹಳೆಯ ರಕ್ತ, ಸುಟ್ಟ ಕೂದಲು. ಕೈ ಹಾಕಿದಳು. ಬೆರಳಿಗೆ ಒದ್ದೆಯಾದದ್ದು ತಾಗಿತು. ಅದು ಮಿಸುಕಿತು.

ಮರದ ಗೊಂಬೆ. ಕಣ್ಣಿಲ್ಲ, ಕೈಯಿಲ್ಲ. ಕಾಲುಗಳಿಗೆ ಮಾತ್ರ ಕಪ್ಪು ದಾರ ಸುತ್ತಿ ಸುತ್ತಿ ಗಂಟು ಹಾಕಿತ್ತು. ಬಾಯಿದ್ದ ಕಡೆ ಹಾಲಿನ ನೊರೆ.

“ಕತ್ತರಿಸಬೇಡ!” ಹಿಂದೆಯೇ ಓಡಿಬಂದ ಅಖ್ತರಿ ಆಂಟಿ ಹೊಸಿಲಾಚೆ ನಿಂತು ಕಿರುಚಿದರು. ತಡವಾಗಿತ್ತು. ಹಂಸಿನಿಯ ಕೈಗೆ ಸಿಕ್ಕ ಅಡುಗೆಮನೆಯ ಕತ್ತರಿ ಆಗಲೇ ದಾರದ ಒಂದು ಎಳೆಯನ್ನು ಕತ್ತರಿಸಿತ್ತು.

ಹಾಲ್‌ನಲ್ಲಿ ಸಾನ್ವಿ ಚೀರಿದಳು. ಅವಳ ಹರಡಿನ ಕಪ್ಪು ಗೆರೆ ಬಾಯಿಬಿಟ್ಟು ರಕ್ತ ಹರಿಯುತ್ತಿತ್ತು. ಸುಮೀತ್ ಎರಡೂ ಕೈಯಿಂದ ಅದುಮಿ ಹಿಡಿದಿದ್ದ. ರಕ್ತ ನಿಲ್ಲಲಿಲ್ಲ. ಚೆಲ್ಲಿದ್ದೆಲ್ಲ ಹಲಗೆಯ ಸಂದಿಯಲ್ಲಿ ಇಂಗುತ್ತಿತ್ತು. ಕೆಳಗೆ ಅದೇ ಸದ್ದು. ಗುಟುಕ್. ಗುಟುಕ್.

“ಆಂಟೀ, ಏನು ಮಾಡಲಿ? ಹೇಳಿ! ಏನಾದ್ರೂ ಹೇಳಿ!”

“ಒಬ್ಬರು ತಾವಾಗೇ ‘ನಾನಿರ್ತೀನಿ’ ಅನ್ನಬೇಕಂತೆ. ಅಂದವರನ್ನ ಇಟ್ಕೊಂಡು ಮಿಕ್ಕವರನ್ನ ಬಿಡುತ್ತಂತೆ. ತ್ರಿಪುರಸುಂದರಿನೇ ಅಳ್ತಾ ಹೇಳಿದ್ದು. ಕಡೇವರೆಗೂ ಅವಳ ಬಾಯಿಂದ ಆ ಮಾತು ಬರಲಿಲ್ಲ. ಅವಳ ಗಂಡ ಕಿಟಕಿ ಹತ್ರ ನಿಂತಲ್ಲೇ ಸತ್ತ.”

ಹಂಸಿನಿ ಬಾಯಿ ತೆರೆದಳು.

ಒಂದೇ ಮಾತು. ಹಾಲಿಟ್ಟವಳು ಅವಳು. ಹೇಳಬೇಕಾದವಳೂ ಅವಳೇ. ನೆಲದ ಕತ್ತಲೆ ಅವಳನ್ನೇ ನೋಡುತ್ತಿತ್ತು. ಆ ಬಿಸಿ ಉಸಿರು ಪಾದಕ್ಕೆ ತಾಗಿತು. ಇಡೀ ಜನ್ಮ ಈ ವಾಸನೆಯಲ್ಲಿ, ಈ ಗೋಡೆಗಳ ನಡುವೆ. ನಾಲಿಗೆ ಅಂಗುಳಕ್ಕೆ ಅಂಟಿತು. ಒಂದು ಕ್ಷಣ. ಒಂದೇ ಒಂದು ಕ್ಷಣ.

“ನಾನಿರ್ತೀನಿ,” ಎಂದ ಸುಮೀತ್.

ಸದ್ದು ನಿಂತಿತು. ಸಾನ್ವಿಯ ಕಾಲಿನ ರಕ್ತವೂ ನಿಂತಿತು.

“ಇಲ್ಲ! ಸುಮೀ, ನಾನು ಹೇಳ್ತಿದ್ದೆ, ನಾನೇ...”

“ಎತ್ಕೋ ಅವಳನ್ನ. ಓಡು.”

“ಸುಮೀ!”

“ಓಡು ಹಂಸಿ!”

ಮಗು ಈಗ ಹೂವಿನಷ್ಟು ಹಗುರ. ಹೊಸಿಲು ದಾಟಿದಳು. ಹಿಮದಲ್ಲಿ ಮೊಣಕಾಲೂರಿ ನಾಡಿ ಹಿಡಿದಳು. ಇತ್ತು. ಹೊಡೆದುಕೊಳ್ಳುತ್ತಿತ್ತು. ತಿರುಗಿ ನೋಡುವಷ್ಟರಲ್ಲಿ ಬಾಗಿಲು ಮುಚ್ಚಿತ್ತು. ಅವಳು ಗುದ್ದಿದಳು, ಒದ್ದಳು, ಹಣೆ ಚಚ್ಚಿಕೊಂಡಳು. “ನಾನಿರ್ತೀನಿ! ನಾನಿರ್ತೀನಿ ಕಣೋ, ನನ್ನನ್ನ ತಗೋ, ಅವನನ್ನ ಬಿಡು!” ಗಂಟಲು ಹರಿಯುವಂತೆ ಕೂಗಿದಳು. ಈಗ ಮಾತು ಎಷ್ಟು ಸಲೀಸಾಗಿ ಬರುತ್ತಿತ್ತು! ಮನೆಗೆ ಅದು ಬೇಕಿರಲಿಲ್ಲ.

ತಾಯಿ ಮಗಳು ಈಗ ಅಖ್ತರಿ ಆಂಟಿಯ ಮಹಡಿಯಲ್ಲಿದ್ದಾರೆ. ಸಾನ್ವಿಯ ಗಾಯ ಮಾಗಿದೆ, ನಡೆಯುವಾಗ ಸ್ವಲ್ಪ ಎಳೆದು ಹೆಜ್ಜೆ ಹಾಕುತ್ತಾಳೆ. ಹಂಸಿನಿ ಪ್ರತಿದಿನ ಡಬ್ಬಿಯಲ್ಲಿ ಊಟ ತಂದು ಮೆಟ್ಟಿಲ ಮೇಲಿಟ್ಟು, ‘ನಾನಿರ್ತೀನಿ’ ಎಂದು ಹೇಳಿ, ಕಾದು, ಹಿಂತಿರುಗುತ್ತಾಳೆ. ಡಬ್ಬಿ ಖಾಲಿಯಾಗಿ ಹೊರಗೆ ಬಂದಿರುತ್ತದೆ. ಬಾಗಿಲು ತೆರೆದದ್ದನ್ನು ಅವಳು ಕಂಡಿರಲಿಲ್ಲ.

ಹಿಮ ಕರಗಿದ ಒಂದು ಮಧ್ಯಾಹ್ನ ಬಾಗಿಲು ತೆರೆಯಿತು. ಸುಮೀತ್ ನಿಂತಿದ್ದ. ಮೈ ತುಂಬಿಕೊಂಡಿದ್ದ. ಮುಖದಲ್ಲಿ ಅವಳು ಎಂದೂ ನೋಡಿರದ ನೆಮ್ಮದಿ. ಹಂಸಿನಿಯ ಕೈಯಿಂದ ಡಬ್ಬಿ ಜಾರಿತು.

“ಯಾರು ಬೇಕಿತ್ತು?” ಎಂದು ಅವನು ಮರ್ಯಾದೆಯಿಂದ ಕೇಳಿದ.

“ಹಂಸಿನಿ,” ಎಂದಳು ಅವಳು. “ಹಂಸಿನಿ ಕಣೋ.”

ಅವನು ಮನೆಯೊಳಕ್ಕೊಮ್ಮೆ ತಿರುಗಿ ನೋಡಿದ.

“ಆ ಹೆಸರಿನವರು ಇಲ್ಲಿ ಯಾರೂ ಇಲ್ಲ,” ಎಂದ. ಮೆಲ್ಲಗೆ ಬಾಗಿಲು ಹಾಕಿಕೊಂಡ.

ಬೇಲಿಯ ಬಳಿ ನಿಂತಿದ್ದ ಸಾನ್ವಿ ಎಲ್ಲವನ್ನೂ ನೋಡಿದ್ದಳು.

“ಮಾಮ್,” ಎಂದಳು, “ಈಸ್ ಹಿ ಆಂಗ್ರಿ ಅಟ್ ಅಸ್?”