ಎಂಜಲು ಪೀಪಿ

“ಆ ಮಾಲು ಬೇಡ ಕಣೋ,” ಅಂದ ಚಾಮಯ್ಯ. ಡೋಲಿನ ಬಾರು ಬಿಗಿಯುತ್ತಿದ್ದ ಕೈ ಹಾಗೇ ನಿಂತಿತು. “ಕೆಳಗೆ ಆಯಮ್ಮ ಏನು ಬರ್ದವ್ಳೆ, ಓದು.”

ಅಮರೇಶ ಓದಿದ. ಫೋನಿನಲ್ಲಿ ಮಾರಾಟಕ್ಕಿಟ್ಟ ನಾದಸ್ವರದ ಫೋಟೊ. ಅದರಡಿ ಪಾರ್ವತಮ್ಮ ಅನ್ನುವವಳ ನಾಲ್ಕು ಸಾಲು: ಈ ವಿಜಯ್‌ಕುಮಾರ್ ಕಳ್ಳ. ನಮ್ಮೆಜಮಾನರ ಹೆಣ ಜಗಲಿಯಲ್ಲಿದ್ದಾಗ ಒಳಗೆ ನುಗ್ಗಿ ಗೋಡೆಯಿಂದ ಇಳಿಸಿಕೊಂಡು ಹೋದ. ತುದಿಗೆ ಸಿಕ್ಕಿಸಿದ ಪೀಪಿಯೂ ಅವರದೇ. ಅದಕ್ಕೆ ಬಾಯಿಟ್ಟವರು ಉಳಿಯಲ್ಲ. ಮಾಡಿಸಿದ್ದೀನಿ.

“ನಿಮ್ಮ ಮೈಸೂರಲ್ಲಿ ಫೋನಲ್ಲೇ ಮಾಟ ಮಾಡ್ತಾರಾ ಮಾವ? ನಿಂಬೆಹಣ್ಣು ಮನೆ ಬಾಗಿಲಿಗೇ ಬರ್ತದಾ?”

“ನಗು, ನಗು. ಓಲಗದವನು ಸತ್ತರೆ ಅವನ ಪೀಪಿ ಅವನ ಚಿತೆಗೇ ಹೋಗ್ಬೇಕು. ಅದು ಎಂಜಲು. ನಿಮ್ಮೂರಲ್ಲಿ ಎಂಗೋ, ನಮ್ಮಲ್ಲಿ ಅಂಗೇ.”

ಅಮರೇಶ ತಿಪಟೂರಿನಿಂದ ಬಂದು ಹದಿನೈದು ದಿನವಾಗಿತ್ತು. ಸೋಮವಾರದಿಂದ ಮಠದ ಬೆಳಗಿನ ಪೂಜೆಗೆ ಊದುವ ಕೆಲಸ. ಅವನ ಹಳೆಯ ನಾದಸ್ವರವೋ ಉದ್ದಕ್ಕೂ ಸೀಳಿತ್ತು. ಊದುವುದು ಬಿಟ್ಟರೆ ಅವನಿಗೆ ಬೇರೆ ಬದುಕು ಗೊತ್ತಿಲ್ಲ. ಕದ್ದ ಮಾಲಾ ಅಂತ ಮಾರುವವನನ್ನೇ ಕೇಳಿದ. ಆ ಕ್ಷಣವೇ ಉತ್ತರ ಬಂತು: ‘ನಂಬಿ ಬನ್ನಿ ಅಣ್ಣ. ಪೀಪಿ ಸಮೇತ ಕೊಡ್ತೀನಿ.’

ಕದ್ದವನು ಹೆಸರು, ವಿಳಾಸ ಹಾಕಿ ಕೂರುತ್ತಾನೆಯೇ? ದಾಯಾದಿಗಳ ಜಗಳವಿರಬೇಕು. ಅಮರೇಶ ಹೊರಟ.

ಚಾಮರಾಜಪುರಂನ ಆ ಮನೆಯ ಹಿಂದಿನ ಕೋಣೆಗೆ ಕಿಟಕಿ ಇರಲಿಲ್ಲ. ಹೊರಗೆ ಉರಿಬಿಸಿಲು, ಒಳಗೆ ಮಬ್ಬುಗತ್ತಲೆ. ಕೊಳೆತ ಮಲ್ಲಿಗೆಯ ವಾಸನೆ, ಅದರಡಿ ಕೀವಿನ ವಾಸನೆ. ವಿಜಯ್‌ಕುಮಾರ್ ಮೂಗಿನಿಂದ ಗಲ್ಲದವರೆಗೆ ಟವೆಲ್ ಬಿಗಿದಿದ್ದ. ಮಾತಿಲ್ಲ. ಫೋನಿನಲ್ಲಿ ಒತ್ತಿ ತೋರಿಸಿದ: ‘ಗಂಟಲು ನೋವು. ಊದಿ ನೋಡಿ.’

ನಾದಸ್ವರವನ್ನು ಅವನು ಬಟ್ಟೆಯಲ್ಲಿ ಹಿಡಿದೇ ಕೊಟ್ಟ. ಬೆರಳು ತಾಗಿಸಲಿಲ್ಲ.

ಅಮರೇಶನ ಜೇಬಿನಲ್ಲಿ ಅವನದೇ ಪೀಪಿ ಇತ್ತು. ಆದರೆ ತುದಿಯಲ್ಲಿದ್ದ ಆ ಪೀಪಿ! ಎಂಜಲಲ್ಲಿ ನೆನೆದು ನೆನೆದು ತಾಮ್ರದ ಬಣ್ಣಕ್ಕೆ ತಿರುಗಿದ್ದು. ಹತ್ತು ವರ್ಷ ಊದಿದರೂ ಅಷ್ಟು ಹದ ಬರುವುದಿಲ್ಲ. ಆಸೆಯಾಯಿತು. ಪಂಚೆಯ ಅಂಚಿನಲ್ಲಿ ಒರೆಸಿ ತುಟಿಗಿಟ್ಟ.

ಊದಿದ. ಎದ್ದ ನಾದಕ್ಕೆ ಮೈ ಜುಮ್ಮೆಂದಿತು. ಅಂಥದ್ದನ್ನು ಅವನು ಎಂದೂ ಊದಿರಲಿಲ್ಲ.

ನಿಲ್ಲಿಸಲು ಹೋದ. ನಿಲ್ಲಲಿಲ್ಲ.

ಉಸಿರು ತಾನಾಗಿ ಹೋಗುತ್ತಿತ್ತು. ಕೊಳವೆಯ ಒಳಗಿನಿಂದ ಯಾರೋ ಎಳೆಯುತ್ತಿದ್ದರು. ಬಾಯಲ್ಲಿ ಚಿತೆಯ ಬೂದಿಯ ರುಚಿ. ಪೀಪಿ ಒದ್ದೆಯಾಯಿತು. ಬೆಚ್ಚಗಾಯಿತು. ತುಟಿಗೆ ತುಟಿ ಒತ್ತಿದಂತಾಯಿತು. ಆಮೇಲೆ ಹಲ್ಲು. ಕಚ್ಚಿತು. ಅಮರೇಶ ಕೊಸರಿದ. ಬಿಡಲಿಲ್ಲ. ಗೋಡೆಗೆ ಅಪ್ಪಳಿಸಿದ. ಬಿಡಲಿಲ್ಲ. ಎರಡೂ ಕೈಯಿಂದ ಹಿಡಿದು ಎಳೆದ. ಚರ್ಮ ಹರಿಯಿತು. ಬಿಸಿ ರಕ್ತ ಎದೆಗೆ ಇಳಿಯಿತು. ನಾದಸ್ವರ ಕೈಗೆ ಬಂತು. ತುದಿಯಲ್ಲಿ ಅವನ ಕೆಳತುಟಿ ಇತ್ತು.

ವಿಜಯ್‌ಕುಮಾರ್ ಟವೆಲ್ ಬಿಚ್ಚಿದ. ಕೀವು ಸುರಿಯುತ್ತಿದ್ದ ಬಾಯಿ ಕಣ್ಣೆದುರೇ ಕೂಡಿಕೊಳ್ಳುತ್ತಿತ್ತು. “ಬುಡ್ತು,” ಅಂದ, ಅಳುತ್ತಾ. “ನನ್ನ ಬುಟ್ಬುಡ್ತು ಅಣ್ಣ!”

ಆಸ್ಪತ್ರೆಯವರು ಹೊಲಿದರು. ಹೊಲಿಗೆ ನಿಲ್ಲಲಿಲ್ಲ. ಮೂರನೆಯ ದಿನ ಚಾಮಯ್ಯ ಕೊಟ್ಟ ಚಹಾವನ್ನು ಊದಿ ಆರಿಸಲು ಹೋದ ಅಮರೇಶನಿಗೆ ಗೊತ್ತಾಯಿತು, ಅಷ್ಟು ಉಸಿರೂ ಹೊರಗೆ ಬರುತ್ತಿಲ್ಲ.

ನಾದಸ್ವರವನ್ನು ಚೀಲಕ್ಕೆ ಹಾಕಿಸಿ ಚಾಮಯ್ಯನೇ ಅವನನ್ನು ಕೃಷ್ಣಮೂರ್ತಿಪುರಂಗೆ ಕರೆದೊಯ್ದ. ಪಾರ್ವತಮ್ಮ ಬಾಗಿಲಲ್ಲೇ ನಿಂತು ಅವನ ಬಾಯಿಗೆ ಕಟ್ಟಿದ್ದ ಬಟ್ಟೆ ನೋಡಿದಳು.

“ಕದ್ದೋನಿಗೆ ಮಾಡಿಸ್ದೆ ಕಣಪ್ಪ, ನಿಂಗಲ್ಲ. ಬರ್ದೂ ಇದ್ನಲ್ಲ?”

“ಓದಿ ನಕ್ಕ ಕಣಮ್ಮ,” ಅಂದ ಚಾಮಯ್ಯ. “ಈಗ ದಾರಿ ಹೇಳಿ.”

“ಇಲ್ಲಿ ಕೊಡು. ಇವತ್ತೇ ಒಲೆಗೆ ಹಾಕ್ತೀನಿ, ನಮ್ಮೆಜಮಾನ್ರಿಗೆ ಸೇರ್ತದೆ. ಗಾಯ ಒಣಗ್ತದೆ. ಆದ್ರೆ ಅದ್ರೊಳಗೆ ಹೋದ ನಿನ್ನ ಉಸಿರೂ ಉರ್ದೋಯ್ತದೆ. ಇನ್ನು ಊದೋದು ಮರ್ತುಬುಡು.” ದನಿ ತಗ್ಗಿಸಿದಳು. “ಇನ್ನೊಂದು ಬಾಯಿ ಸಿಕ್ಕಿದ್ರೆ ನಿನ್ನ ಬುಡ್ತದೆ. ಆ ಪಾಪ ನನ್ನ ಕೇಳಿ ಮಾಡ್ಬೇಡ.”

ಕೈಚಾಚಿದಳು. ಅಮರೇಶ ಚೀಲವನ್ನು ಎದೆಗವುಚಿಕೊಂಡು ಹಿಂದೆ ಸರಿದ.

“ಕೊಟ್ಬುಡೋ!” ಚಾಮಯ್ಯ ತೋಳು ಹಿಡಿದ. ಅಮರೇಶ ಮುದುಕನ ಎದೆಗೆ ಗುದ್ದಿದ. ಚಾಮಯ್ಯನ ತಲೆ ಮೆಟ್ಟಿಲಿಗೆ ಬಡಿಯಿತು. ತಿರುಗಿ ನೋಡದೆ ಓಡಿದ.

ಸಂಜೆಯೊಳಗೆ ನಾದಸ್ವರದ ಫೋಟೊ ಮಾರಾಟಕ್ಕೆ ಹಾಕಿದ. ಅದರಡಿ ಪಾರ್ವತಮ್ಮ ಬರೆದಳು: ಇವನು ಕಳ್ಳ. ನಂಬಬೇಡಿ.

ಮರುಗಳಿಗೆ ರಕ್ಷಿತಾ ಅನ್ನುವವಳು ಕೇಳಿದಳು: ‘ಸರ್, ಮಗಳು ನಾದಸ್ವರ ಕಲೀತಿದ್ದಾಳೆ. ಅವಳಿಗೆ ಹತ್ತು ವರ್ಷ. ಆಯಮ್ಮ ಹೇಳ್ತಿರೋದು ನಿಜವಾ?’

ಅಮರೇಶ ಆ ಸಾಲನ್ನು ಮತ್ತೆ ಓದಿದ. ಬಟ್ಟೆಯಿಂದ ತೊಟ್ಟಿಕ್ಕಿದ ರಕ್ತ ಫೋನಿನ ಗಾಜಿನ ಮೇಲೆ ಬಿತ್ತು. ಹೆಬ್ಬೆರಳಿನಿಂದ ಒರೆಸಿದ. ಅದೇ ಹೆಬ್ಬೆರಳಿನಿಂದ ಒತ್ತಿದ:

‘ನಂಬಿ ಬನ್ನಿ ಅಕ್ಕ. ಪೀಪಿ ಸಮೇತ ಕೊಡ್ತೀನಿ. ಮಗಳನ್ನೂ ಕರ್ಕೊಂಡು ಬನ್ನಿ, ಊದಿ ನೋಡ್ಲಿ.’