ಟೇಪಿನೊಳಗಿನ ಎಂಜಿನ್

ಎಂಬತ್ತಮೂರರ ಚಳಿಗಾಲದ ಒಂದು ಮಧ್ಯಾಹ್ನ, ಹುಮನಾಬಾದಿನ ನನ್ನ ರೇಡಿಯೊ ರಿಪೇರಿ ಅಂಗಡಿಗೆ, ಕಲ್ಯಾಣ ಪಟ್ಟಣದಾಚೆಯ ಮಂಠಾಳದ ಬಂಡೆಪ್ಪ ತನ್ನ ಟ್ಯಾಕ್ಸಿ ತಂದ. ತಮ್ಮ ನರಸಿಂಗ ಅಪಘಾತದಲ್ಲಿ ತೀರಿಕೊಂಡ ಮೇಲೆ ಅದನ್ನು ಅವನೊಬ್ಬನೇ ಓಡಿಸುತ್ತಿದ್ದ.

“ಟೇಪ್ ಹಚ್ಚಿದ್ರ ಹಾಡಿನ ಸಂಗಾಟ ಎಂಜಿನ್ನೂ ಒದರತದ್ರಿ, ಸಾಹೇಬ್ರ. ಅದನ್ನ ಬಂದ್ ಮಾಡ್ರಿ.”

ಇಂಥ ಸದ್ದು ಸಾಮಾನ್ಯವಾಗಿ ಡೈನಮೋದಿಂದ ಬರುತ್ತದೆ. ಕಂಡೆನ್ಸರ್ ಹಾಕಿದೆ, ಅರ್ಥಿಂಗ್ ತಂತಿಯ ತುಕ್ಕು ಕೆರೆದೆ. ಹೋಗಲಿಲ್ಲ. ಎಂಜಿನ್ ನಿಲ್ಲಿಸಿ ಬ್ಯಾಟರಿಯನ್ನೇ ಬಿಚ್ಚಿದೆ. ಆಗಲೂ ಸ್ಪೀಕರಿನಲ್ಲಿ ಸದ್ದು ಏರಿತು, ತಗ್ಗಿತು, ಮತ್ತೆ ಏರಿತು. ಯಾರೋ ಗೇರು ಬದಲಿಸುತ್ತ ಹೋಗುತ್ತಿರುವಂತೆ. ಸ್ಪೀಕರಿನ ಮೇಲಿಟ್ಟ ನನ್ನ ಬೆರಳಿಗೆ ತಣ್ಣನೆಯ ಗಾಳಿ ತಾಗುತ್ತಿತ್ತು.

“ಈಗ ಕಲ್ಯಾಣ ದಾಟ್ದ ನೋಡ್ರಿ,” ಎಂದ ಬಂಡೆಪ್ಪ. ಸದ್ದು ತಟ್ಟನೆ ನಿಂತಿತು. “ದಿನಾ ಇಲ್ಲೇ ನಿಲ್ತದ. ನಮ್ಮ ತಮ್ಮ ಸತ್ತ ಜಾಗಾ. ಮನಿಗೇ ಹೊಂಟಿದ್ದ.”

ನಾನು ಆ ಸ್ಪೀಕರನ್ನೇ ಕಿತ್ತು ಬೇರೆಯದು ಹಾಕಿಕೊಟ್ಟೆ. ಮರುದಿನ ಅವನು ಮತ್ತೆ ಬಂದ.

“ಗಾಡಿ ಗಪ್ ಆಗ್ಯಾದ್ರಿ. ಅಂವ ಎಲ್ಲಿದ್ದಾನಂತ ನನಗ ಹ್ಯಾಂಗ ತಿಳೀಬೇಕು? ನಂದು ನನಗ ಕೊಡ್ರಿ.”

ಕೊಡಲು ಕಪಾಟಿನತ್ತ ಕೈ ಚಾಚಿದೆ. ಸ್ಪೀಕರಿಗೆ ಒಂದು ತಂತಿಯೂ ಇರಲಿಲ್ಲ. ಆದರೂ ಅದು ಸದ್ದು ಮಾಡುತ್ತಿತ್ತು. ಬಂಡೆಪ್ಪ ಕಿವಿಗೊಟ್ಟು ನಿಂತ.

“ಕಲ್ಯಾಣ ದಾಟ್ದ,” ಎಂದು ಕಣ್ಣು ಮುಚ್ಚಿಕೊಂಡ.

ಆ ದಿನ ಸದ್ದು ಅಲ್ಲಿ ನಿಲ್ಲಲಿಲ್ಲ.