ಖಾಲಿ ಕುರ್ಚಿಯ ಶಾಟ್

"ಕಿಟಕಿ, ಹೊರಗಿನಿಂದ. ಕಿಟಕಿ, ಒಳಗಿನಿಂದ. ಕಿಟಕಿ, ಬೆಳಕು ಇಳಿದ ಮೇಲೆ." ಕ್ಯಾಮೆರಾಮನ್ ಬಾಸಿತ್ ಶಾಟ್ ಲಿಸ್ಟನ್ನು ನಿಧಾನವಾಗಿ ಓದಿದ. "ಒಂದು ಕಿಟಕಿಗೆ ಎಷ್ಟು ಶಾಟ್ ಬೇಕು ಮಾರಾಯ್ರೆ?"

ಫರ್ಹಾನ ತಲೆಯೆತ್ತಲಿಲ್ಲ. ಆದರೂ ಅವನ ನಗು ಅವಳ ಕಣ್ಣಂಚಿಗೆ ತಾಗಿತು.

ಬೆಳುವಾಯಿಯ ಭಾಗದ ಚಿತ್ರೀಕರಣ ಮುಗಿದ ದಿನ, ಟ್ರೈಪಾಡ್ ಮಡಚುತ್ತ, ಅವನು ಮದುವೆಯ ಮಾತೆತ್ತಿದ್ದ. ಲಿಸ್ಟ್ ಮುಗಿದ ದಿನ ಉತ್ತರ ಹೇಳುತ್ತೇನೆ ಎಂದಿದ್ದಳು. ಆಗ ಇದ್ದದ್ದು ನಲವತ್ತೆರಡು ಶಾಟ್. ಈಗ ಅರುವತ್ತೊಂದು. ಜಾಗ, ಬೆಳಕು ನೋಡಿ ಅವನ್ನು ಹೊಂದಿಸಲು ಕುಳಿತಾಗಲೆಲ್ಲ ಒಂದೆರಡು ಹೆಚ್ಚುತ್ತಿದ್ದವು.

ಅವನು ಬೇಡವೆಂದಲ್ಲ. ಗಂಡ ಶಾಫಿ ಸೌದಿಯ ದಮ್ಮಾಮಿನಲ್ಲಿ ತೀರಿಕೊಂಡು ನಾಲ್ಕು ವರ್ಷ. ತವರಿಗೆ ಹೋಗದೆ, ಮಡಂತ್ಯಾರಿನ ಈ ಮನೆಯಲ್ಲಿ ಮಾಮಿ ಎಂದು ಕರೆಯುವ ಅತ್ತೆ ರುಖಿಯಮ್ಮನ ಜೊತೆಯೇ ಉಳಿದಿದ್ದಳು. ಊರೂರಿನ ಮದುವೆಮನೆಗಳಲ್ಲಿ ಹಾಡುತ್ತಿದ್ದ ರುಖಿಯಮ್ಮ ಮಗ ಹೋದ ಮೇಲೆ ಯಾವ ಮದುವೆಗೂ ಹಾಡಿದ್ದೇ ಇಲ್ಲ. ಆ ಹಾಡುಗಳು ಅವರೊಂದಿಗೇ ಹೋಗಬಾರದೆಂದು ಈ ಕಿರುಚಿತ್ರಕ್ಕೆ ಕೈಹಾಕಿದವಳು ಫರ್ಹಾನಳೇ. ಅಂಥವರೆದುರು ಇನ್ನೊಬ್ಬನ ಹೆಸರು ತೆಗೆಯುವುದು ಹೇಗೆ?

ಇವತ್ತಿನದು ಕೊನೆಯ ಶಾಟ್. ಅವಳೇ ಬರೆದಿದ್ದಳು: ಖಾಲಿ ಕುರ್ಚಿ, ಎದುರು ಮಾಮಿ, ಮದುಮಗಳ ಹಾಡು.

ರುಖಿಯಮ್ಮ ಬಂದು ಕುರ್ಚಿ ನೋಡಿದರು. ಯಾರಿಗೆಂದು ಕೇಳಿದರು. ಯಾರಿಗೂ ಅಲ್ಲ, ಚಿತ್ರಕ್ಕೆ ಮಾತ್ರ ಎಂದಳು ಫರ್ಹಾನ.

"ಖಾಲಿ ಕುರ್ಚಿಗೆ ಈ ಹಾಡು ಹೇಳ್ಲಿಕ್ಕಿಲ್ಲ ಮೋಳೆ. ಎದುರು ಮದುಮಗಳು ಬೇಕು. ಕೊನೆಗೆ ಇಬ್ಬರ ಹೆಸರು ಸೇರಿಸ್ಲಿಕ್ಕೆ ಉಂಟು." ಕುರ್ಚಿ ತೋರಿಸಿ ಹೇಳಿದರು, "ನೀನೇ ಕೂತ್ಕೊ."

ಫರ್ಹಾನ ಕುಳಿತಳು. ಹಿಂದೊಮ್ಮೆ ಇದೇ ಹಾಡಿಗೆ ಮದರಂಗಿಯ ಕೈಗಳನ್ನು ಮಡಿಲಲ್ಲಿಟ್ಟು ಕುಳಿತಿದ್ದಳು. ಅಂದು ಸೇರಿದ ಹೆಸರು ಶಾಫಿಯದು. ಇವತ್ತೂ ಅದೇ ಬರುತ್ತದೆ, ಕ್ಯಾಮೆರಾದ ಹಿಂದೆ ನಿಂತು ಬಾಸಿತ್ ಕೇಳುತ್ತಾನೆ, ಅಲ್ಲಿಗೆ ಎಲ್ಲ ಆಯಿತು ಎಂದುಕೊಂಡಳು.

ರುಖಿಯಮ್ಮ ಬಿಸ್ಮಿ ಹೇಳಿ ಶುರು ಮಾಡಿದರು. ಸ್ವರ ಮೊದಲು ನಡುಗಿತು, ಆಮೇಲೆ ದಾರಿಗೆ ಬಂತು. ಕೊನೆಯ ಸಾಲಿಗೆ ಮುನ್ನ ದೀರ್ಘವಾಗಿ ಉಸಿರೆಳೆದುಕೊಂಡರು. ಫರ್ಹಾನಳ ಹೆಸರು ಬಂತು. ಅದರ ಬೆನ್ನಿಗೇ, ಅದೇ ರಾಗದಲ್ಲಿ, ಬಾಸಿತನ ಹೆಸರು.

ಅವನು ಕಟ್ ಹೇಳಲಿಲ್ಲ. ಅವನ ಕಣ್ಣು ನೆಲದ ಮೇಲಿತ್ತು.

"ಮಾಮಿ, ಶಾಫಿ..."

"ಅವನಿಗೆ ಐದು ಹೊತ್ತೂ ದುಆ ಮಾಡ್ತೇನೆ. ನಿನಗೂ ಮಾಡ್ತಾ ಇದ್ದೆ." ಸೆರಗಿನ ತುದಿಯಿಂದ ಸೊಸೆಯ ಕೆನ್ನೆ ಒರೆಸಿದರು. "ನನಗೆ ಓದ್ಲಿಕ್ಕೆ ಬರುವುದಿಲ್ಲ. ಆದರೆ ಇವ ಹೊರಡುವ ಹೊತ್ತಿಗೆ ನೀನು ಆ ಕಾಗದಕ್ಕೆ ಒಂದೊಂದು ಗೆರೆ ಸೇರಿಸುವುದು ಕಾಣುವುದಿಲ್ಲವಾ?"

ಫರ್ಹಾನ ಪೆನ್ನು ತೆಗೆದು, ಅರುವತ್ತೊಂದನೆಯ ಶಾಟಿನಲ್ಲಿ 'ಖಾಲಿ' ಎಂಬುದನ್ನು ಹೊಡೆದುಹಾಕಿದಳು. ಲಿಸ್ಟನ್ನು ಬಾಸಿತನ ಕಡೆ ಚಾಚಿದಳು.

"ಮುಗಿಯಿತು," ಎಂದಳು. "ನಿಮ್ಮ ಉಮ್ಮನನ್ನು ಕಳಿಸಿ. ಮಾಮಿಯ ಹತ್ತಿರ ಹೆಣ್ಣು ಕೇಳಲಿ."